ಹೆಲ್ಮೆಟ್ಟಿನೊಳಗೆ ಬೆಕ್ಕು

ಮೊಣಕಾಲಿನ ಮೇಲೆ ಒಂದು ಬಿಳಿ ಕೂದಲು, ನನ್ನದಲ್ಲ, ಇಷ್ಟು ಗಿಡ್ಡ, ಇಷ್ಟು ಮೆತ್ತಗೆ, ಬೆಕ್ಕಿನದೇ — ಬೆಳಿಗ್ಗೆ ಸೀರೆ ಝಾಡಿಸಿ ಉಟ್ಟಿದ್ದೆ, ಆದರೂ ಬಂದಿದೆ, ಉಗಾರದಿಂದ ಹೊಳೆ ದಾಟಿ, ರಾಯಬಾಗ ದಾಟಿ, ಈಗ ಚಿಕ್ಕೋಡಿಯ ಸ್ಟ್ಯಾಂಡನ್ನೂ ಬಿಟ್ಟು, ಟಿಕೀಟಿಲ್ಲದೆ ನನ್ನ ಜೊತೆ ಬಂದಿದೆ, ಚಿವುಟಿ ತೆಗೆದರೆ ಬೆರಳಿಗೆ ಅಂಟುತ್ತದೆ, ಬೆರಳು ಕೊಡವಿದರೆ ಮತ್ತೆ ಸೀರೆಗೆ. ಇರಲಿ. ನಾಲ್ಕೇ ದಿನ ಅಂದಿದ್ದಳು ಮಾಯಾ, ಮಾಲವಣಕ್ಕ ಹೋಗಿ ಸಮುದ್ರದ ಮುಂದ ಕೂತು ಬರೂಣು, ನೀ ಏನೂ ಮಾತಾಡಬ್ಯಾಡ, ಕೂತರ ಸಾಕು, ಕೊಲ್ಲಾಪುರ ಸ್ಟ್ಯಾಂಡಿನ್ಯಾಗ ಕಾಯ್ತೀನಿ. ಧಾರವಾಡದ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿ ಓದಿದವಳು, ಗಂಡ ಶ್ರೇಣಿಕ ತೀರಿಹೋದ ಮೇಲೆ ನಾನು ಊರ ಗಡಿ ದಾಟಿಲ್ಲ ಎಂದು ನನಗಿಂತ ಹೆಚ್ಚು ನೆನಪಿಟ್ಟವಳು. ಹೂಂ ಅಂದೆ. ಹೂಂ ಅನ್ನುವುದಕ್ಕೆ ಏನೂ ಕಷ್ಟವಾಗಲಿಲ್ಲ, ಈಗೀಗ ಯಾವುದಕ್ಕೂ ಆಗುವುದಿಲ್ಲ, ಕಷ್ಟ ಶುರುವಾದದ್ದು ಆಮೇಲೆ, ಬೆಕ್ಕನ್ನು ಯಾರ ಹತ್ತಿರ ಬಿಡುವುದು ಎಂದಾಗ. ಕೊಲ್ಲಾಪುರದಲ್ಲೇ ಬೆಕ್ಕು ನಾಯಿ ಇಟ್ಟುಕೊಳ್ಳುವವರಿದ್ದಾರೆ ಎಂದು ನಂಬರು ಕಳಿಸಿದವಳೂ ಅವಳೇ. ಫೋನ್ ಮಾಡಿದರೆ ಆ ಹೆಣ್ಣುಮಗಳು ಮರಾಠಿಯಲ್ಲಿ, ಲಸಿಕೆ ಹಾಕಿಸಿದ್ದೀರಾ, ಏನು ತಿನ್ನುತ್ತದೆ, ಹೆಸರೇನು, ಹೆಸರು — ಹೆಸರಿಲ್ಲ, ಶ್ರೇಣಿಕ ಅದನ್ನು ಬಾರವ್ವಾ ಸಾಹೇಬ್ರ ಎಂದು ಕರೆಯುತ್ತಿದ್ದ, ಅದನ್ನು ಮರಾಠಿಗೆ ಹೇಗೆ ತರುವುದು — ಮಾಲಕರ ಹೆಸರು ಎಂದಳು, ಶ್ರೇಣಿಕ ಅಂದುಬಿಟ್ಟೆ, ಅವರನ್ನೇ ಕರಕೊಂಡು ಬನ್ನಿ, ಮಾಲಕರಿದ್ದರೆ ಪ್ರಾಣಿ ಹೆದರುವುದಿಲ್ಲ ಅಂದಳು. ಫೋನ್ ಇಟ್ಟೆ.

ಆಮೇಲೆ ಮಲಕವ್ವ. ಹಿಂದಿನ ಮನೆಯವಳು, ಗಂಡ ಕುರಿ ಮೇಯಿಸಿಕೊಂಡು ಮುಗಳಖೋಡದ ಕಡೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ, ಅವಳಿಗೆ ಪ್ರಾಣಿಯ ಜೊತೆ ಇರುವುದು ಉಸಿರಾಡಿದಷ್ಟೇ ಸಹಜ. ನೀವು ಹೋಗ್ಬರ್ರಿ ಅಕ್ಕಾರ, ಎರಡ ಹೊತ್ತು ನೋಡ್ತೀನಿ, ಬೆಕ್ಕೇನ ಆನಿ ಐತೇನ್ರಿ. ಮೊನ್ನೆ ಸಂಜೆ ರೂಢಿಯಾಗಲಿ ಎಂದು ಬಂದಳು, ಸೆರಗಿನ ಗಂಟು ಬಿಚ್ಚಿ ಅಂಗಳದ ಕಲ್ಲಿನ ಮೇಲೆ ಏನೋ ಸುರುವಿದಳು, ಬೆಕ್ಕು ಹುಚ್ಚು ಹಿಡಿದಂತೆ ಓಡಿಬಂತು, ವಾಸನೆ ನನಗಿಂತ ಮೊದಲು ದೇವರ ಕೋಣೆ ಮುಟ್ಟಿತು. ಒಣಗಿಸಿದ ಸಿಗಡಿ. ಜೈನರ ಅಂಗಳದಲ್ಲಿ. ಅತ್ತೆ ಜಪದ ಮಣಿ ಹಿಡಿದುಕೊಂಡೇ ಹೊರಗೆ ಬಂದರು, ಏನ ಬೇ ಮಲಕವ್ವಾ ಇದು, ಅಕ್ಕಾರ ಸುಕಟ ಐತ್ರಿ, ನಿಮ್ಮ ಹಾಲು ರೊಟ್ಟಿ ತಿಂದು ಅದರ ನಾಲಿಗಿ ಸತ್ತೈತಿ ಅಂದಳು, ಎದ್ದು ಹೋಗ ಬೇ ಮೊದಲ ಅಂದರು ಅತ್ತೆ. ಮಲಕವ್ವ ನಗುತ್ತಲೇ ಹೋದಳು. ಅತ್ತೆ ಆ ಕಲ್ಲನ್ನು ಮೂರು ಸಲ ತೊಳೆಸಿದರು, ತೊಳೆದ ನೀರು ಹರಿದ ಜಾಗವನ್ನೂ ತೊಳೆಸಿದರು, ಕೊನೆಗೆ, ಮನ್ಯಾಗ ನಾ ಇರಬೇಕಾದ್ರ ಹೊರಗಿನವರು ಯಾಕ ಬೇಕು ತ್ರಿಶಲಾ, ನಾ ನೋಡ್ತೀನಿ. ಈ ಮಾತನ್ನು ಮೊದಲೇ ಆಡಿದ್ದರೆ. ಇಷ್ಟು ದಿನ ಅದನ್ನು ಮುಟ್ಟದವರು, ಜೀವ ತಿನ್ನೂ ಪ್ರಾಣಿ ಎಂದು ಕಾಲು ಹಿಂದೆ ಎಳಕೊಂಡವರು. ಹೊತ್ತು ಮುಳುಗುವ ಮೊದಲು ಹಾಲು, ಆಮೇಲೆ ನೀರೂ ಇಲ್ಲ, ನಮ್ಮ ಮನೆಯ ನೇಮ ಬೆಕ್ಕಿಗೂ. ಹೆಲ್ಮೆಟ್ಟಿನಲ್ಲೇ ಮಲಗುತ್ತದೆ, ಅದನ್ನು ಅಲ್ಲಿಂದ ಸರಿಸಬೇಡಿ, ಅಷ್ಟೇ ಹೇಳಿದೆ. ಅವರು ಹೂಂ ಅನ್ನಲಿಲ್ಲ. ಹೆಲ್ಮೆಟ್ ಎಂಬ ಮಾತು ಬಂದರೆ ನಮ್ಮ ಮನೆಯಲ್ಲಿ ಯಾರೂ ಹೂಂ ಅನ್ನುವುದಿಲ್ಲ.

ಕಿಟಕಿಯಾಚೆ ಕಬ್ಬು, ಕಬ್ಬು ಮುಗಿದಲ್ಲಿ ತಂಬಾಕು, ಎದುರಿಗೆ ಎರಡು ಟ್ರಾಲಿ ಎಳಕೊಂಡು ಟ್ರ್ಯಾಕ್ಟರ್, ಹಾಡು ಹಚ್ಚಿದ್ದಾನೆ, ನಮ್ಮ ಬಸ್ಸು ದಾರಿ ಕೊಟ್ಟು ನಿಲ್ಲುತ್ತದೆ, ನಾನು ನೋಡುವುದಿಲ್ಲ, ಸೀರೆಯ ಮೇಲಿನ ಕೂದಲು ನೋಡುತ್ತೇನೆ — ಫೋನು. ಅತ್ತೆ. ತ್ರಿಶಲಾ, ಬೆಕ್ಕು ಓಡಿ ಹೋತವ್ವಾ. ಎಲ್ಲಿಗೆ, ಯಾಕೆ, ಹಾಲು ಕುಡೀತೇನು. ಹಾಲು ಗೀಲು ಏನೂ ಕುಡೀಲಿಲ್ಲ, ಗೆಜ್ಜಿ ಕಟ್ಟಿದೆ, ಕಟ್ಟಿದ್ದ ತಡ, ಕುಣದಾಡಿ ಗ್ವಾಡಿ ಹಾರಿ ಹೋತು. ಯಾವ ಗೆಜ್ಜೆ ಅತ್ತಿ. ಶ್ರೇಣಿಕಂದು, ಕೂಸಿದ್ದಾಗ ಕಾಲಿಗೆ ಹಾಕ್ತಿದ್ದೆ, ಬೆಳ್ಳೀದು, ಅದರಾಗಿಂದ ಒಂದು ಬಿಡಿಸಿ ದಾರಕ್ಕ ಪೋಣಿಸಿ ಕೊರಳಿಗೆ ಕಟ್ಟಿದೆ. ನಾ ದಿನಾ ಮುಂಜಾನೆ ಗುಬ್ಬಿಗೆ ಜ್ವಾಳ ಹಾಕ್ತೀನಿ, ಇದು ಕಂಬದ ಹಿಂದ ಕೂತು ನೋಡ್ತೈತಿ, ಇಷ್ಟ ದಿನ ನೀ ಇರ್ತಿದ್ದಿ, ಒಳಗ ಹಾಕ್ತಿದ್ದಿ, ಈಗ ನನ್ನ ಕೈಯಾಗ ಕೊಟ್ಟಿ, ನಾ ಕಾಳ ಹಾಕಿ ಕರದು ಅದರ ಬಾಯಿಗೆ ಕೊಟ್ಟಂಗ ಆಗೂದಿಲ್ಲೇನು. ಹೌದು. ಅವರ ಮಾತಿನಲ್ಲಿ ತಪ್ಪು ಹುಡುಕಿದರೆ ಸಿಗುವುದಿಲ್ಲ, ಅದೇ ತಲೆ ಕೆಡಿಸುವುದು. ಗುಬ್ಬಿಯನ್ನು ಉಳಿಸಲು ಬೆಕ್ಕಿಗೆ ಗೆಜ್ಜೆ, ಗೆಜ್ಜೆಗೆ ಹೆದರಿ ಬೆಕ್ಕು ಓಟ, ಓಡಿದಷ್ಟೂ ಗೆಜ್ಜೆ ಬೆನ್ನು ಹತ್ತುತ್ತದೆ, ಮನೆಯ ಹಿಂದೆ ಕಬ್ಬು, ಅದರೊಳಗೆ ಹೊಕ್ಕರೆ ಕಟಾವು ಮುಗಿಯುವ ತನಕ ಯಾರಿಗೂ ಸಿಗುವುದಿಲ್ಲ. ಪಕ್ಕದ ಸೀಟಿನವಳು ಇತ್ತ ಬಾಗಿದಳು, ಯಾಕ್ರಿ, ಕೂಸು ಬಿಟ್ಟು ಬಂದೀರೇನ್ರಿ, ಹಾಲು ಕುಡೀವಲ್ದಾ. ಬೆಕ್ಕು ಅಂದೆ. ಹೋಗ್ರಿ ನಿಮ್ಮ, ನನ್ನ ಎದಿ ಧಸಕ್ಕಂತು, ಬೆಕ್ಕಿಗೆ ಇಷ್ಟಾ. ಇಷ್ಟಾ. ನನಗೂ ಗೊತ್ತಿಲ್ಲ. ಅದರ ಮೇಲೆ ಪ್ರೀತಿ ಇದೆ ಎಂದು ಯಾರಾದರೂ ಅಂದರೆ ನಗು ಬರುತ್ತದೆ, ಎಷ್ಟೋ ಸಲ ಅದರ ತಟ್ಟೆಯನ್ನು ಕಾಲಿನಿಂದ ತಳ್ಳಿದ್ದೇನೆ, ಮತ್ತೆ ಎಳೆದು ಹಾಲು ಹಾಕಿದ್ದೇನೆ.

ಶ್ರೇಣಿಕನಿಗೆ ಅದು ಸಕ್ಕರೆ ಕಾರ್ಖಾನೆಯ ಗೋದಾಮಿನಲ್ಲಿ ಚೀಲಗಳ ನಡುವೆ ಸಿಕ್ಕಿತಂತೆ, ತಲೆಯ ಮೇಲಿನದನ್ನು ತೆಗೆದು ಅದರಲ್ಲಿ ಕೂರಿಸಿ, ಗಾಡಿಯ ಪೆಟ್ರೋಲ್ ಟಾಕಿಯ ಮೇಲಿಟ್ಟುಕೊಂಡು ತಂದಿದ್ದ. ಅವತ್ತಿನಿಂದ ಹೆಲ್ಮೆಟ್ಟೇ ಅದರ ಮನೆ. ದಿನಾ ಬೆಳಿಗ್ಗೆ ಹೆಲ್ಮೆಟ್ಟನ್ನು ಮೆಲ್ಲಗೆ ಬೋರಲು ಹಾಕುತ್ತಿದ್ದ, ಏಳವ್ವಾ ಸಾಹೇಬ್ರ, ನನ್ನ ಟೊಪ್ಪಿಗಿ ಕೊಡ್ರಿ, ಅದು ಬೈದುಕೊಂಡು ಇಳಿಯುತ್ತಿತ್ತು, ಅವನು ಸೀನುತ್ತ ಹೋಗುತ್ತಿದ್ದ. ಒಂದು ದಿನ ಬೋರಲು ಹಾಕಲಿಲ್ಲ. ಚಳಿ ಇತ್ತು, ಕಪ್ಪು ಹೆಲ್ಮೆಟ್ಟಿನಲ್ಲಿ ಬಿಳಿ ಉಂಡೆಯಾಗಿ ಮಲಗಿತ್ತು, ನಾನು ಎತ್ತಲು ಬಗ್ಗಿದೆ, ಎಬ್ಬಸಬ್ಯಾಡ, ಈಗ ಮಲಗೈತಿ, ಇಲ್ಲೇ ಹೋಗೂದೈತಿ ಅಂದ. ಕಾರ್ಖಾನೆಯ ತಿರುವಿನಲ್ಲಿ ಕಬ್ಬಿನ ಟ್ರಾಲಿ ಹಿಂದಕ್ಕೆ ಬರುತ್ತಿತ್ತು. ತಲೆಗೊಂದು ಬಿಟ್ಟರೆ ಮೈಗೆ ಪೆಟ್ಟೇ ಇರಲಿಲ್ಲ. ಸಾಂತ್ವನಕ್ಕೆ ಬಂದವರೆಲ್ಲ ಕೇಳಿದರು, ಹೆಲ್ಮೆಟ್ ಇರಲಿಲ್ಲೇನು, ಅತ್ತೆ ಎಲ್ಲರಿಗೂ ಒಂದೇ ಉತ್ತರ ಕೊಟ್ಟರು, ಮರತು ಹೋಗಿದ್ದ ನನ್ನ ಮಗ, ಮರತು ಹೋಗಿದ್ದ. ನಾನು ಬಾಗಿಲ ಹತ್ತಿರ ಕೂತಿದ್ದೆ. ಅಲ್ಲ ಅನ್ನಲಿಲ್ಲ. ನಿಜ ಹೇಳಿದರೆ ಅವರು ಆ ಬೆಕ್ಕನ್ನು ಹೇಗೆ ನೋಡುತ್ತಾರೆ, ಅದು ಹೇಗೆ ಅದೇ ಮನೆಯಲ್ಲಿ ಹಾಲು ಕುಡಿಯುತ್ತದೆ.

ನಿಪ್ಪಾಣಿ. ಬಸ್ಸು ಬದಲಿಸಬೇಕು, ತಂಬಾಕಿನ ಘಾಟು, ಬ್ಯಾಗು, ಯಾರದೋ ಮೊಣಕೈ, ಕೊಲ್ಲಾಪುರ ಕೊಲ್ಲಾಪುರ ಎಂದು ಕೂಗುತ್ತಿದ್ದಾರೆ, ಮಾಯಾಳ ಸಂದೇಶ, ಹತ್ತಿದಿಯೇನು, ಇಲ್ಲ, ಹತ್ತುತ್ತಿದ್ದೇನೆ, ಇಲ್ಲ, ಆ ಕಡೆ ಚಿಕ್ಕೋಡಿಗೆ ವಾಪಸ್ಸು ಹೋಗುವ ಬಸ್ಸೂ ನಿಂತಿದೆ, ಸಂಜೆಯೊಳಗೆ ಕಬ್ಬಿನ ಬದುವಿನಲ್ಲಿ ನಿಂತು ಕರೆಯಬಹುದು, ಹೆಸರಿಲ್ಲದ್ದನ್ನು ಏನೆಂದು ಕರೆಯಲಿ, ಶ್ರೇಣಿಕ ಕರೆಯುತ್ತಿದ್ದ ಆ ಎರಡು ಮಾತು ನನ್ನ ಬಾಯಲ್ಲಿ ಬರುವುದಿಲ್ಲ — ಒಂದು ಕಾಲು ಮೆಟ್ಟಿಲ ಮೇಲೆ, ಫೋನು. ಸಿಕ್ತವ್ವಾ ತ್ರಿಶಲಾ. ಕಬ್ಬಿನ್ಯಾಗ ಹೋಗಿದ್ದಿಲ್ಲ, ಹೆಲ್ಮೆಟ್ಟಿನ್ಯಾಗ ಬಂದು ಕೂತೈತಿ. ಮಲಗೇತೇನ್ರಿ ಅತ್ತಿ. ಇಲ್ಲ, ಕಣ್ಣು ಬಿಟ್ಟೈತಿ, ಅಲುಗಾಡವಲ್ದು, ಬಾಲಾನೂ ಆಡಸವಲ್ದು, ಅಲುಗಾಡಿದ್ರ ಸಪ್ಪಳ ಆಗ್ತೈತಿ ಅಂತ ತಿಳದೈತಿ ಅದಕ್ಕ, ಹಾಲು ಮುಂದ ಇಟ್ಟರೂ ಬಗ್ಗವಲ್ದು. ಗೆಜ್ಜೆ ಬಿಚ್ಚಿರಿ. ಬಿಚ್ಚಬೇಕಂದ್ರ ಎಬ್ಬಸಬೇಕಲ್ಲವ್ವಾ. ಆಮೇಲೆ ಅವರ ದನಿ ಸಣ್ಣಗಾಯಿತು, ಅವತ್ತ ಅಂವಾ ಅಂದನಲ್ಲ, ಎಬ್ಬಸಬ್ಯಾಡ ಅಂತ, ನಾ ದೇವರ ಕೋಣ್ಯಾಗ ಇದ್ದೆ, ನನಗೂ ಕೇಳಿಸಿತ್ತು ತ್ರಿಶಲಾ. ಕಂಡಕ್ಟರ್ ಹತ್ರೀ ಬಾಯಾರ, ಹತ್ತೂದಾದ್ರ ಹತ್ರಿ ಎನ್ನುತ್ತಿದ್ದಾನೆ. ಅವರಿಗೆ ಕೇಳಿಸಿತ್ತು. ಮರತು ಹೋಗಿದ್ದ, ಮರತು ಹೋಗಿದ್ದ, ಬಂದವರಿಗೆಲ್ಲ, ಗೊತ್ತಿದ್ದೂ, ಬೆಕ್ಕಿನ ಕಡೆಗೆ ಬೆರಳು ಹೋಗದ ಹಾಗೆ, ನನ್ನ ಕಡೆಗೂ. ಎಬ್ಬಿಸ್ರಿ ಅತ್ತಿ. ಏನಂದಿ. ಎಬ್ಬಿಸ್ರಿ, ಬೋರಲು ಹಾಕಿ ಎಬ್ಬಿಸ್ರಿ, ಬೈದರೂ ಬಿಡಬ್ಯಾಡ್ರಿ. ಅವರು ಫೋನನ್ನು ನೆಲದ ಮೇಲಿಟ್ಟ ಸದ್ದು, ಬಳೆಯ ಸದ್ದು, ಅತ್ತೆಯ ದನಿ, ಬಾರವ್ವಾ ಸಾಹೇಬ್ರ — ನಾನು ಫೋನನ್ನು ಕಿವಿಗೆ ಒತ್ತಿಕೊಂಡಿದ್ದೇನೆ, ಗೆಜ್ಜೆ ಒಂದು ಸಲ ಆದರೂ ಕೇಳಬೇಕು, ಇನ್ನೂ ಇಲ್ಲ, ಕಣ್ಣ ಮುಂದೆ ಕಪ್ಪು ಹೆಲ್ಮೆಟ್ಟು, ಒಳಗೆ ಬಿಳಿ, ಎರಡು ಕಣ್ಣು ತೆರೆದಿವೆ, ಅಲುಗಾಡುತ್ತಿಲ್ಲ, ಕಪ್ಪು ಹೆಲ್ಮೆಟ್ಟು, ಒಳಗೆ ಬಿಳಿ, ಅಲುಗಾಡುತ್ತಿಲ್ಲ