ಬಿಸಿಯಾದ ಬಣವೆ

ಯುದ್ಧ ಮುಗಿದ ಮರುವರ್ಷ ಚಿತ್ತೆ ಮಳೆ ಮಾನ್ವಿಯ ಸೀಮೆಯನ್ನು ಬಿಡಲೊಲ್ಲದೆ ಹಿಡಿದಿತ್ತು. ಗುಡ್ಡದ ಕೆಳಗೆ ಮಾನಮ್ಮನ ಹೊಲದಲ್ಲಿ ಹುಲ್ಲು ಸೊಂಟದೆತ್ತರ ಬೆಳೆದು ನಿಂತಿತ್ತು. ಎರಡು ಎತ್ತು, ಒಂದು ಎಮ್ಮೆ ಬೇಸಿಗೆ ದಾಟಬೇಕಾದರೆ ಅದೇ ಗತಿ. ಯಾವಾಗ ಕೊಯ್ಯಬೇಕೆಂದು ಪ್ರತಿವರ್ಷ ಹೇಳುತ್ತಿದ್ದವನು ಗಂಡ ಗಡಿಗೆಪ್ಪ. ಈ ಸಲ ಅವನು ಚಳಿಜ್ವರ ಬಂದು ಕೌದಿ ಹೊದ್ದು ಮಲಗಿದ್ದ.

"ಮೋಡ ಹರೀಲಿ, ತಡಿ," ಅಂದ.

"ಬೀಜ ಉದುರಾಕತ್ತಾವ. ಇನ್ನ ತಡದ್ರ ಬರೇ ಕಡ್ಡಿ ಉಳೀತಾವ."

"ಕೊಯ್ದ ಮ್ಯಾಲ ಮಳಿ ಬಂದ್ರ?"

 ಮರುದಿನ ಬಿಸಿಲು ಬಿದ್ದದ್ದೇ ಮಾನಮ್ಮ, ಅವನನ್ನು ಕೇಳದೆ, ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ದುರುಗಮ್ಮನನ್ನು ಕರೆದುಕೊಂಡು ಕುಡುಗೋಲು ಹಿಡಿದು ಹೊರಟಳು. ಇಬ್ಬರೂ ಬೆನ್ನೆತ್ತದೆ ಕೊಯ್ದು ಹರವಿದರು. ಹುಲ್ಲು ಅರೆಬರೆ ಒಣಗುವಷ್ಟರಲ್ಲಿ ಮೂಡಣ ದಿಕ್ಕು ಕಪ್ಪಿಟ್ಟಿತು. ಹೆದರಿಕೆಗೆ ಎಲ್ಲ ಬಾಚಿ ಅಲ್ಲೇ ಬಂಡೆಯ ಬುಡಕ್ಕೆ ಬಣವೆ ಒಟ್ಟಿದರು. ಬಿದ್ದದ್ದು ನಾಲ್ಕೇ ಹನಿ.

ಎರಡು ದಿನ ಬಿಟ್ಟು ಇಬ್ಬರೂ ಎಮ್ಮೆಗೆಂದು ಹುಲ್ಲು ಹಿರಿಯಲು ಹೋದಾಗ ಮಾನಮ್ಮನ ಮೂಗಿಗೆ ಹುಳಿವಾಸನೆ ಬಡಿಯಿತು. ಮೊಣಕೈವರೆಗೆ ಕೈ ತೂರಿಸಿದವಳು ಚಟ್ಟನೆ ಎಳೆದುಕೊಂಡಳು. ಒಳಗೆ ಹಂಚಿನ ಮೇಲಿನ ರೊಟ್ಟಿಯಂಥ ಬಿಸಿ.

"ಯವ್ವಾ! ಅರಕೇರಾ ಊರಾಗ ನಮ್ಮ ಸೋದರಮಾವನ ಬಣವಿ ಹಿಂಗ ಒಳಗಿಂದನ ಹೊತ್ತಿತ್ತು," ಅಂದಳು.

ದುರುಗಮ್ಮ ಮುಗಿಲು ನೋಡಿದಳು. "ಈಗ ಬಿಚ್ಚಿದ್ರ ನೆನೀತದ."

"ಬಿಚ್ಚಲಿಲ್ಲಂದ್ರ ಸುಡ್ತದ."

 ಗಂಡನನ್ನು ಕೇಳಿ ಬರೋಣವೆಂದರೆ ಕೇಳದೆ ಕೊಯ್ದದ್ದನ್ನು ಮೊದಲು ಹೇಳಬೇಕು. ಮಾನಮ್ಮ ಸೆರಗು ಸಿಕ್ಕಿಸಿ ಬಣವೆಯ ನೆತ್ತಿ ಕಿತ್ತಳು. ಬುಸ್ಸೆಂದು ಹೊಗೆಯಂಥ ಹಬೆ ಎದ್ದಿತು. ಹೊರೆ ಹೊತ್ತು ಹೊತ್ತು ಇಬ್ಬರೂ ಬಿಸಿಲಿಗೆ ಕಾದ ಬಂಡೆಗಳ ಮೇಲೆ ಹರವತೊಡಗಿದರು. ಮೋಡದ ನೆರಳು ಹಾದಾಗಲೆಲ್ಲ ಮಾನಮ್ಮನ ಕೈ ನಿಲ್ಲುತ್ತಿತ್ತು.

ಮಧ್ಯಾಹ್ನ ಗಡಿಗೆಪ್ಪ ಕೌದಿ ಹೊದ್ದುಕೊಂಡೇ ತೂರಾಡುತ್ತ ಬಂದ. ಯಾರೋ ಹೊಲದ ಸುದ್ದಿ ಮುಟ್ಟಿಸಿದ್ದರು. ಬೈಗುಳಕ್ಕೆ ಕಾದು ಮಾನಮ್ಮ ತಲೆತಗ್ಗಿಸಿ ನಿಂತಳು. ಅವನು ಒಂದು ಹಿಡಿ ಹುಲ್ಲು ಮೂಸಿ ನೋಡಿ ಕೂತುಕೊಂಡ.

"ಕರ್ರಗಾದದ್ದು ಎತ್ತಿನ ಮುಂದ ಹಾಕಬ್ಯಾಡ್ರಿ. ಹೊಟ್ಟಿ ಉಬ್ಬತದ. ಇತ್ತ ತಾ, ನಾ ಆರಸ್ತೀನಿ," ಅಂದ.

ಸಂಜೆ ಮಳೆ ಸುರಿಯುವ ಹೊತ್ತಿಗೆ ಒಣಗಿದ್ದೆಲ್ಲ ದೊಡ್ಡ ಬಂಡೆಯ ಕೆಳಗಿನ ಗವಿ ಸೇರಿತ್ತು. ಮೂರರಲ್ಲೊಂದು ಪಾಲು ತಿಪ್ಪೆಗೆ ಹೋಯಿತು. ಉಳಿದದ್ದು ಎತ್ತುಗಳಿಗೆ ಹೇಗೋ ಸಾಲಿತು. ಎಮ್ಮೆಯನ್ನು ಮಾತ್ರ ಬೇಸಿಗೆ ಕಳೆಯುವ ತನಕ ಗಿಲ್ಲೆಸುಗೂರಿಗೆ, ದುರುಗಮ್ಮನ ತವರಿಗೆ, ಹೊಡೆದುಕೊಂಡು ಹೋಗಿ ಬಿಟ್ಟರು.