ಕುಡಿಯದವನು ಬೇಕು

ಹಲ್ಲಿನ ಡಾಕ್ಟರಿಗೆ ಒಂದು ಚಾಳಿಯಿತ್ತು, ಕೈಗೆ ಸಿಕ್ಕಿದ್ದನ್ನೆಲ್ಲ ಮನುಷ್ಯನ ಹಾಗೆ ಕರೆಯುವುದು. ಹುಳುಕು ಹಲ್ಲಾದರೆ ‘ಇವನನ್ನ ಕಿತ್ತು ಬಿಸಾಕೋಣ’, ಮುರಿದ ಕುರ್ಚಿಯಾದರೆ ‘ಇವನಿಗೆ ವಯಸ್ಸಾಯ್ತು’. ಮನೆಯವರಿಗೆ ಇದೇನೂ ಹೊಸದಲ್ಲ. ಆದರೆ ಆ ಭಾನುವಾರ ಮಗಳ ಎದೆಯೊಳಗೆ ಗುಟ್ಟೊಂದು ಕೂತಿತ್ತು. ಗುಟ್ಟಿದ್ದವರ ಕಿವಿಗೆ ಯಾವ ಮಾತು ತಾನೇ ನೆಟ್ಟಗೆ ಕೇಳಿಸುತ್ತದೆ?

ಅವಳು ಎದುರು ರಸ್ತೆಯ ಬೇಕರಿಯವನನ್ನು ಮೆಚ್ಚಿದ್ದಳು. ಅಪ್ಪನ ಬಾಯಲ್ಲೋ, ಬೇಕರಿ ಎಂಬ ಮಾತು ಬರುತ್ತಿದ್ದುದೇ ಬೈಗುಳವಾಗಿ. ಹೇಳಿದರೆ ರಂಪ, ಹೇಳದಿದ್ದರೆ ಸಂಕಟ. ಪಾಪ, ಬಾಯಿ ಹೊಲಿದುಕೊಂಡು ಕೂತಿದ್ದಳು.

ಟೀ ಹಿಡಿದು ಹಿಂದಿನ ಕೋಣೆಯ ಬಾಗಿಲಿಗೆ ಬಂದಾಗ ಅಪ್ಪ ಫೋನಿನಲ್ಲಿದ್ದರು.

“ಈಗಿರೋನು ಬೇಡಪ್ಪಾ. ಕದ್ದು ಕುಡೀತಾನೆ. ನಂಗೆ ಕುಡಿಯದವನು ಬೇಕು. ಬೇಗ ಬಿಸಿಯಾಗಬಾರದು, ಹಿಡಿದಿದ್ದನ್ನ ಕೈಬಿಡಬಾರದು. ನಾಳೆನೇ ಕಳಿಸಿ, ಕೂರಿಸಿ ನೋಡ್ತೀನಿ.”

ಟೀ ಅರ್ಧ ಸಾಸರಿಗೆ ಚೆಲ್ಲಿತು. ಅಪ್ಪನಿಗೆ ಎಲ್ಲ ಗೊತ್ತಾಗಿಹೋಗಿದೆ! ಸಾಲದ್ದಕ್ಕೆ ಬೇರೆ ಗಂಡು ಹುಡುಕುತ್ತಿದ್ದಾರೆ! ಅವಳಿಗೆ ಭಯಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

“ಅಪ್ಪ, ಯಾರು ಹೇಳಿದ್ದು ನಿಮಗೆ? ಅವನು ಒಂದು ತೊಟ್ಟೂ ಕುಡಿಯಲ್ಲ!”

ಅಪ್ಪ ಫೋನಿಟ್ಟು ತಿರುಗಿದರು. ಮುಖ ಅರಳಿತು. “ಅಂಥವನೊಬ್ಬ ನಿಂಗೆ ಗೊತ್ತಾ?”

“ಎರಡು ವರ್ಷದಿಂದ ಗೊತ್ತು.”

“ಹಿಡಿದಿದ್ದು ಬಿಡಲ್ವಾ?”

“ಬಿಡಲ್ಲ,” ಎಂದಳು.

“ನಂಬರ್ ಹೇಳು ಬೇಗ!”

ಹೇಳಿದಳು. ಅಪ್ಪ ಅಂಗೈ ಮೇಲೆ ಬರೆದುಕೊಂಡು ಹುಬ್ಬು ಗಂಟಿಕ್ಕಿದರು. “ಇಷ್ಟುದ್ದ ನಂಬರಿನ ಆಪ್-ಆಂಪ್ ಚಿಪ್ ಕೇಳೇ ಇಲ್ವಲ್ಲ. ಕಾಲು ಎಂಟೇ ತಾನೆ?”

“ಎರಡು, ಅಪ್ಪ!”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೇಜಿನ ಮೇಲೆ ಅಪ್ಪ ಬಿಡುವಿನಲ್ಲಿ ಕಟ್ಟುತ್ತಿದ್ದ ಸಿಂಥಸೈಜರ್ ವಾದ್ಯ ರೋಗಿಯ ಹಾಗೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಅಪ್ಪ ಒಂದು ಕೀ ಒತ್ತಿ ಬಿಟ್ಟರು. ಸ್ವರ ಅದೇ ಮಟ್ಟದಲ್ಲಿ ನಿಲ್ಲಬೇಕಿತ್ತು, ಆದರೆ ನರಳುತ್ತಾ ಕೆಳಗಿಳಿಯಿತು.

“ಕೆಪಾಸಿಟರಲ್ಲಿ ಚೂರು ವೋಲ್ಟೇಜ್ ಇಟ್ಟಿರ್ತೀನಿ, ಅದು ಇರೋವರೆಗೆ ಸ್ವರ ಇರುತ್ತೆ. ಅದನ್ನ ನೋಡ್ಕೋ ಅಂತ ಕೂರಿಸಿದ ಈ ಚಿಪ್ ಅದನ್ನೇ ಕದ್ದು ಕುಡೀತಾನೆ,” ಎಂದರು. “ನಾನು ಫೋನಲ್ಲಿ ಅಂಗಡಿಯವನಿಗೆ ಹೇಳಿದ್ದು ಇವನನ್ನ. ನೀನು ಹೇಳಿದ್ದು?”

ನೆಲ ಬಾಯಿ ಬಿಡಬಾರದೇ ಎನ್ನಿಸಿತು ಅವಳಿಗೆ. ಆಡಿದ್ದಾಗಿತ್ತು, ನುಂಗುವ ಹಾಗಿರಲಿಲ್ಲ.

“ಬೇಕರಿಯವನನ್ನ.”

ಅಪ್ಪ ಸಾಸರಿನ ಟೀಯನ್ನೂ ಬಿಡದೆ ಕುಡಿದರು. “ನನ್ನ ಅರ್ಧ ಪೇಷೆಂಟುಗಳನ್ನ ಕಳಿಸೋನೇ ಅವನು,” ಎಂದು ಗೊಣಗಿದರು. ಮತ್ತೆ ಕೀ ಒತ್ತಿ, ಸ್ವರ ಪೂರ್ತಿ ಜಾರಿಹೋಗುವವರೆಗೂ ಕೇಳಿಸಿಕೊಂಡರು.

“ಎರಡು ವರ್ಷ ಅಂದ್ಯಾ?”

“ಹೂಂ.”

“ಇವನು ಒಂದು ನಿಮಿಷ ನಿಲ್ಲಲ್ಲ ನೋಡು.” ಅಂಗೈಯ ನಂಬರನ್ನು ಅಳಿಸಲಿಲ್ಲ. “ನಾಳೆ ಇಬ್ಬರೂ ಬರಲಿ. ಎಂಟು ಕಾಲಿನವನನ್ನ ಇಲ್ಲಿ ಕೂರಿಸ್ತೀನಿ. ನಿನ್ನವನನ್ನ ಕ್ಲಿನಿಕ್ಕಿನ ಕುರ್ಚಿಯಲ್ಲಿ. ಮೊದಲು ಹಲ್ಲು ನೋಡ್ಬೇಕು.”