ಟೇಕಲ್ ಬೆಟ್ಟದ ಕೆಳಗಿನ ನಲವತ್ತೆರಡು ಚಪ್ಪಡಿ

ನನಗೆ ಹೊಟ್ಟೆಕಿಚ್ಚು ಇದೆ. ಊರೆಲ್ಲ ಹಿಂದಿನಿಂದ ಆಡಿಕೊಳ್ಳುವ ಬದಲು ನಾನೇ ಹೇಳಿಬಿಡುತ್ತೇನೆ. ಅದೂ ಬೇರೆ ಯಾರ ಮೇಲೂ ಅಲ್ಲ, ಒಡಹುಟ್ಟಿದ ಅಣ್ಣ ಕೋದಂಡರಾಮಪ್ಪನ ಮೇಲೆ.

ಶಿವಾರಪಟ್ಟಣದಲ್ಲಿ ಇಬ್ಬರೂ ಒಂದೇ ಅಪ್ಪನ ಕೈಕೆಳಗೆ ಉಳಿ ಹಿಡಿದವರು. ಅವನು ಮುಟ್ಟಿದ ಕಲ್ಲು ದೇವರಾಯಿತು, ನಾನು ಮುಟ್ಟಿದ್ದು ಹೊಸ್ತಿಲಾಯಿತು. ಅವನ ದೇವರಿಗೆ ಜನ ಕೈ ಮುಗಿದರು, ನನ್ನ ಕಲ್ಲಿನ ಮೇಲೆ ಚಪ್ಪಲಿ ಬಿಟ್ಟರು. "ಅಶ್ವತ್ಥಪ್ಪನಾ? ಕೋದಂಡರಾಮಪ್ಪನ ತಮ್ಮ ಅಲ್ವಾ?" ಎಂದೇ ಎಲ್ಲರೂ ಕೇಳುವುದು. ಮೈ ಉರಿಯದೆ ಇರುತ್ತದೆಯೇ?

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ನನಗೂ ಒಂದು ಕೆಲಸ ಸಿಕ್ಕಿತು. ಬೆಂಗಳೂರಿನವರು ಭಾನುವಾರ ರೈಲಿಳಿದು, ಹೆಗಲಿಗೆ ಹಗ್ಗ ಹಾಕಿಕೊಂಡು ಟೇಕಲ್ ಬೆಟ್ಟ ಹತ್ತಲು ಬರುತ್ತಿದ್ದರು. ಬೆಟ್ಟದ ಬುಡದಲ್ಲಿ ಕೆರೆಯ ಒಸರು ನಿಂತು ಮೊಣಕಾಲುದ್ದ ಜೌಗು. ಅದನ್ನು ತಪ್ಪಿಸಲು ಅವರು ಪಕ್ಕದ ಹಿಪ್ಪುನೇರಳೆ ತೋಟ ತುಳಿದರು, ಅಲ್ಲೂ ಕೆಸರಾದಾಗ ಅದರಾಚೆಯ ರಾಗಿ ಹೊಲ ತುಳಿದರು. ಹೊಲದವರು ದೊಣ್ಣೆ ಹಿಡಿದು ನಿಂತ ಮೇಲೆ ಪಂಚಾಯಿತಿಯವರು ಜೌಗಿಗೆ ಕಲ್ಲುಹಾದಿ ಹಾಕಿಸಲು ಒಪ್ಪಿ, ನನ್ನನ್ನು ಕರೆದರು. ಅಣ್ಣನನ್ನಲ್ಲ, ನನ್ನನ್ನು! ಅವನ ಕೈ ಸೋಕದ ಕೆಲಸ ಜನ್ಮದಲ್ಲಿ ಒಂದಾದರೂ ಇರಲಿ ಎಂದು ಎಷ್ಟು ವರ್ಷದಿಂದ ಕಾದಿದ್ದೆ!

ಆಗಲೇ ಅಣ್ಣ ಕೆತ್ತುತ್ತಿದ್ದ ಆಂಜನೇಯನಿಗೆ ಎದೆಯ ಹತ್ತಿರ ಬಿರುಕು ಕಾಣಿಸಿತು. ಚಪ್ಪಡಿಯ ಮೇಲೆ ಉಬ್ಬಿಸಿ ಕೆತ್ತಿದ ವಿಗ್ರಹ, ಕೊನೆಗೆ ಕಣ್ಣು ತೆಗೆದು ಜೀವ ತುಂಬುವುದೊಂದೇ ಬಾಕಿ. ಬಿರುಕು ಬಿಟ್ಟದ್ದು ಪೂಜೆಗೆ ಸಲ್ಲದು. ಅಣ್ಣ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಲೇ, ನಿನ್ನ ಕಲ್ಲಿನ ಗಾಡಿ ಹೆಂಗೂ ಟೇಕಲ್‌ಗೆ ಹೋಗ್ತದಲ್ಲ. ಇದನ್ನ ಕೆರೆಗೆ ಬಿಟ್ಟುಬಾ" ಎಂದ.

ನಾನು ಕೆರೆಗೆ ಬಿಡಲಿಲ್ಲ. ಜೌಗಿನ ನಟ್ಟನಡುವೆ ಮುಖ ಕೆಳಗೆ ಮಾಡಿ, ನುಣ್ಣನೆಯ ಬೆನ್ನು ಮೇಲೆ ಬರುವ ಹಾಗೆ ಹಾಕಿದೆ. ಅದೂ ನೀರೇ ತಾನೆ? ಜನ ನನ್ನ ಕಲ್ಲು ತುಳಿಯುವ ಹಾಗೆ ಇವನ ಕಲ್ಲನ್ನೂ ತುಳಿಯಲಿ. ಒಟ್ಟು ನಲವತ್ತೆರಡು ಚಪ್ಪಡಿ, ಅದರಲ್ಲಿ ಅದೊಂದು. ವಿಷಯ ಯಾರಿಗೂ ಗೊತ್ತಿರಲಿಲ್ಲ.

ಮೊದಲ ಮಳೆಗೇ ನನ್ನ ಮಾನ ಹೋಯಿತು. ಚಪ್ಪಡಿಗಳು ಜಾರಿದವು, ವಾಲಿದವು, ಕಾಲಿಟ್ಟರೆ ಕೆಸರು ಮುಖಕ್ಕೆ ಹಾರಿತು. ಸುದ್ದಿ ಕೇಳಿ ಅಣ್ಣನೇ ನೋಡಲು ಬಂದ. ಮೆಟ್ಟು ಕೈಯಲ್ಲಿ ಹಿಡಿದು ಒಂದೊಂದೇ ಕಲ್ಲು ತುಳಿಯುತ್ತ ಹೋದವನು ನಡುವೆ ನಿಂತ. ಒಂದು ಸಲ ಕುಪ್ಪಳಿಸಿದ.

"ಲೇ ಅಶ್ವತ್ಥ, ಇದು ಮಿಸುಕಲ್ವಲ್ಲೋ! ಹೆಂಗ್ ಕೂರಿಸ್ದೆ? ಇಷ್ಟು ಅಚ್ಚುಕಟ್ಟು ನಂಗೂ ಬರಲ್ಲ ಕಣೋ!"

ನಲವತ್ತು ವರ್ಷ ಈ ಮಾತಿಗಾಗಿ ಬಾಯಿ ಬಿಟ್ಟುಕೊಂಡು ಕಾದಿದ್ದೆ. ಬಂತು, ಅದೂ ಆ ಕಲ್ಲಿಗೆ! ಸುಮ್ಮನಿದ್ದು ನುಂಗಿಕೊಳ್ಳಬಹುದಿತ್ತು. ಆಗಲಿಲ್ಲ.

"ಅದು ನಿಂದೇ ಅಣ್ಣಾ. ನಿನ್ನ ಆಂಜನೇಯ. ಕೆಳಗೆ ಮುಖ ಇದೆ ನೋಡ್ಕೋ!" ಎಂದು ಕೂಗಿದೆ.

ಅವನು ತಟ್ಟನೆ ಕೆಸರಿಗಿಳಿದ. ಬೈಯುತ್ತಾನೆ, ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಕಲ್ಲಿನ ಅಂಚಿನಡಿ ಕೈ ತೂರಿಸಿ ತಡವಿ ನೋಡಿ, ಮತ್ತೆ ಅದರ ಮೇಲೆ ಹತ್ತಿದ.

"ಕಣ್ಣು ತೆಗ್ದಿರ್ಲಿಲ್ಲ ಬಿಡು, ಬರೀ ಕಲ್ಲೇ ಅದು. ಕೆತ್ತಿದ ಕಡೆ ಕೆಸರು ಕಚ್ಕೊಂಡಿದೆ ಕಣೋ, ಅದಕ್ಕೇ ಗಟ್ಟಿ. ನಿನ್ನವಕ್ಕೆ ಹೊಟ್ಟೆ ನುಣ್ಣಗಿದೆ, ಜಾರ್ತವೆ. ನಾಳೆಯಿಂದ ನಾನೂ ಬರ್ತೀನಿ, ಇಬ್ರೂ ಸೇರಿ ಕೆತ್ತೋಣ."

"ನೀನು ಮುಟ್ಟಬೇಡ" ಎಂದೆ. ಇಂಗು ತಿಂದ ಮಂಗನ ಹಾಗಾಗಿತ್ತು ನನ್ನ ಮುಖ.

ಎರಡು ತಿಂಗಳು ಒಬ್ಬನೇ ಕೂತೆ. ನಲವತ್ತೊಂದು ಕಲ್ಲನ್ನೂ ಮಗುಚಿ, ಹೊಟ್ಟೆಗೆ ಆಳವಾಗಿ ಉಳಿ ಹೊಡೆದೆ. ಮೇಲಿನಿಂದ ಯಾರಿಗೂ ಕಾಣದ ಕೆಲಸ. ಕಲ್ಲು ಎತ್ತಿ ಕೂರಿಸಲು ಮಾತ್ರ ನಂಗಲಿಯಿಂದ ಓಬೇದುಲ್ಲಾ ಮತ್ತು ಅವನ ಇಬ್ಬರು ಜೊತೆಗಾರರನ್ನು ಕರೆಸಿದೆ, ಲಾರಿಗೆ ಭಾರ ಏರಿಸಿ ಇಳಿಸುವವರು. ಮುಂದಿನ ಮಳೆಗಾಲ ಒಂದು ಕಲ್ಲೂ ಅಲುಗಲಿಲ್ಲ. ಬೆಂಗಳೂರಿನವರು ಬೂಟಿನಲ್ಲಿ ಸಾಲಾಗಿ ನಡೆದು ಹೋದರು, ಹಿಪ್ಪುನೇರಳೆ ತೋಟದ ಕಡೆ ಒಬ್ಬನೂ ತಿರುಗಲಿಲ್ಲ.

ನನಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಅವನ ಆ ಒಂದನ್ನು ಕಿತ್ತು, ಅಲ್ಲಿ ನನ್ನದೊಂದು ಹಾಕಿದರೆ ಹಾದಿ ಪೂರ್ತಿ ನನ್ನದಾಗುತ್ತಿತ್ತು. ಓಬೇದುಲ್ಲಾನ ತಂಡವನ್ನು ಮತ್ತೆ ಕರೆಸಿ, ನಾಲ್ವರೂ ಸೇರಿ ಹಾರೆ ಹಾಕಿ ಮೀಟಿದೆವು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಮೀಟಿದೆವು. ಒಂದು ಹಾರೆ ಬಗ್ಗಿತು, ಕಲ್ಲು ಕೂದಲೆಳೆಯಷ್ಟೂ ಏಳಲಿಲ್ಲ.

ಓಬೇದುಲ್ಲಾ ಬೆವರು ಒರೆಸಿಕೊಂಡು ಅದರ ಮೇಲೇ ಕುಕ್ಕರುಗಾಲಲ್ಲಿ ಕೂತ.

"ಬಿಡಣ್ಣಾ ಇದನ್ನ. ಇಷ್ಟು ಗಟ್ಟಿಯಾಗಿ ಕೂತಿರೋದನ್ನ ಯಾರಾದ್ರೂ ಕೀಳ್ತಾರಾ? ಯಾರ್ ಹಾಕಿದ್ದು ಇದನ್ನ? ಅವನ ಕೈಗೆ ಮುತ್ತಿಡಬೇಕು."

ಹಾಕಿದ್ದು ನಾನು. ಸ್ಥಳ ಆರಿಸಿದ್ದು ನಾನು, ಮುಖ ಕೆಳಗೆ ಮಾಡಿದ್ದು ನಾನು, ಮಟ್ಟ ನೋಡಿ ಕೂರಿಸಿದ್ದೂ ಈ ಎರಡು ಕೈ. "ನಾನೇ" ಎಂದಿದ್ದರೆ ಅದು ಸುಳ್ಳಾಗುತ್ತಿರಲಿಲ್ಲ.

"ನಮ್ಮಣ್ಣ" ಎಂದುಬಿಟ್ಟೆ, ಹಾಳು ಬಾಯಿ.